ದಮ್ಮಿನವರು ಮತ್ತೆ ಮತ್ತೆ ಅಡ್ಮಿಟ್ ಆಗುವುದು ಯಾಕೆ: ವಾರ್ಡಿನಲ್ಲಿ ಕಂಡದ್ದು

ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಾನು ರೆಸ್ಪಿರೇಟರಿ ಥೆರಪಿಸ್ಟ್. ಊರಲ್ಲಿ ಯಾರಾದರೂ ಎಂತ ಕೆಲಸ ಅಂತ ಕೇಳಿದರೆ ‘ದಮ್ಮಿನವರಿಗೆ ಆವಿ ಕೊಡುವುದು’ ಅನ್ನುತ್ತೇನೆ, ಮಾತು ಅಲ್ಲಿಗೆ ಮುಗಿಯುತ್ತದೆ. ನಿಜ ಹೇಳಬೇಕೆಂದರೆ ಮೆಶಿನಿನಲ್ಲಿ (ನೆಬುಲೈಸರ್) ಮದ್ದಿನ ಆವಿ ಕೊಡುವುದು ಸಣ್ಣ ಕೆಲಸ. ದೊಡ್ಡದು ಡಿಸ್ಚಾರ್ಜ್ ದಿನದ್ದು: ಇವರು ಮನೆಗೆ ಹೋದ ಮೇಲೆ ಎಷ್ಟು ದಿನ ಮನೆಯಲ್ಲೇ ಇದ್ದಾರು ಎಂದು ಅಂದಾಜು ಹಾಕುವುದು. ಸಿಒಪಿಡಿಗೆ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಿಗೆ ತಡೆಯಾಗುವ ದೀರ್ಘಕಾಲದ ದಮ್ಮಿಗೆ, ಅಡ್ಮಿಟ್ ಆಗಿ ಹೋದವರಲ್ಲಿ ಸುಮಾರು ಐವರಿಗೊಬ್ಬರು 30 ದಿನದೊಳಗೆ ವಾಪಸ್ ಬರುತ್ತಾರೆ ಎಂಬುದು ಅಮೆರಿಕದ ಲೆಕ್ಕ. ನಮ್ಮಲ್ಲಿ ಜೂನ್ ಹಿಡಿದು ಆಟಿ (ತುಳುವರ ಜೋರು ಮಳೆಯ ತಿಂಗಳು) ಮುಗಿಯುವವರೆಗೆ ವಾರ್ಡಿಗೆ ಬಂದರೆ ಲೆಕ್ಕವೇ ಬೇಡ, ಮುಖ ನೋಡಿಯೇ ಗೊತ್ತಾಗುತ್ತದೆ.

ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಮೊದಲು ನೋಡುವುದು ಪಿಎಫ್‌ಟಿ ರಿಪೋರ್ಟ್, ಅಂದರೆ ಊದಿಸಿ ಶ್ವಾಸಕೋಶದ ಬಲ ಅಳೆಯುವ ಪರೀಕ್ಷೆಯದ್ದು. ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಊದಿದರು, ಅದು ಇರಬೇಕಾದದ್ದರ ಶೇಕಡಾ ಎಷ್ಟು, ಅಷ್ಟೇ. ಆ ಸಂಖ್ಯೆ ಬೇಕು, ಬೇಡ ಅಂತಲ್ಲ. ಆದರೆ ಶೇಕಡಾ 35 ಇದ್ದವರು ಮನೆಯಲ್ಲೇ ಮೂರು ಮಳೆಗಾಲ ಕಳೆದದ್ದುಂಟು, 55 ಇದ್ದವರು ವರ್ಷಕ್ಕೆ ಮೂರು ಸಲ ಬಂದದ್ದೂ ಉಂಟು. 2010ರಲ್ಲಿ ಬಂದ ಎಕ್ಲಿಪ್ಸ್ ಅಧ್ಯಯನ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಮೂರು ವರ್ಷ ಹಿಂಬಾಲಿಸಿ ಹೇಳಿದ್ದೂ ಇದನ್ನೇ: ಮುಂದೆ ರೋಗ ಉಲ್ಬಣಿಸುವುದನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳುವುದು ಹಿಂದೆ ಉಲ್ಬಣಿಸಿದ ಚರಿತ್ರೆ. ಸಿಒಪಿಡಿ ಚಿಕಿತ್ಸೆಗೆ ಜಗತ್ತಿನ ಡಾಕ್ಟರುಗಳು ನೋಡುವ ಗೋಲ್ಡ್ ಮಾರ್ಗಸೂಚಿಯ 2023ರ ಆವೃತ್ತಿಯಲ್ಲಂತೂ ಇದಕ್ಕಾಗಿಯೇ ‘ಇ’ ಎಂಬ ಗುಂಪು ಮಾಡಿದರು. ವರ್ಷದೊಳಗೆ ಒಂದು ಸಲ ಅಡ್ಮಿಟ್ ಆಗಿದ್ದರೆ, ಇಲ್ಲವೇ ಸ್ಟಿರಾಯ್ಡ್ ಅಥವಾ ಆಂಟಿಬಯೋಟಿಕ್ ಬೇಕಾಗುವಷ್ಟು ಎರಡು ಸಲ ಜೋರಾಗಿದ್ದರೆ, ಆಗಿನ ಲೆಕ್ಕದಲ್ಲಿ ನೀವು ಆ ಗುಂಪು.

ತೊಂದರೆ ಇರುವುದು ಆ ಚರಿತ್ರೆ ಹೊರಡಿಸುವುದರಲ್ಲಿ.

“ಅಜ್ಜ, ಕಳೆದ ವರ್ಷ ಅಡ್ಮಿಟ್ ಆಗಿದ್ರಾ?”

“ಇಲ್ಲಪ್ಪ.”

ಪಕ್ಕದಲ್ಲಿ ಫ್ಲಾಸ್ಕ್ ಹಿಡಿದು ನಿಂತ ಸೊಸೆ ಬಾಯಿ ಹಾಕುತ್ತಾಳೆ: “ಮಾವ, ದೀಪಾವಳಿ ಹೊತ್ತಿಗೆ ಇಂಜೆಕ್ಷನ್ ಕೊಟ್ಟು ಆವಿ ಇಟ್ಟದ್ದಲ್ವಾ? ಮತ್ತೆ ಕೋಲದ ಸಮಯದಲ್ಲಿ?”

“ಅದು ಅಡ್ಮಿಟ್ ಎಂತದ್ದು? ಸಂಜೆಗೆ ಮನೆಗೆ ಬಂದಾಗಿದೆ.”

ಅಜ್ಜನ ಲೆಕ್ಕದಲ್ಲಿ ಸರಿಯೇ. ರಾತ್ರಿ ಉಳಿಯದಿದ್ದರೆ ಅಡ್ಮಿಟ್ ಅಲ್ಲ, ಊರಿನ ಡಾಕ್ಟರ ಐದು ದಿನದ ಬಿಳಿ ಮಾತ್ರೆ ಮದ್ದಿನ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ಈಗ ಹಬ್ಬ ಹಿಡಿದು ಕೇಳುತ್ತೇನೆ. ಅಷ್ಟಮಿಗೆ ಹೇಗಿತ್ತು, ದೀಪಾವಳಿಗೆ ಹೇಗಿತ್ತು, ಬಿಸುವಿಗೆ ಹೇಗಿತ್ತು. ಆವಿ ಕೊಟ್ಟರಾ, ಇಂಜೆಕ್ಷನ್ ಕೊಟ್ಟರಾ, ನಾಲ್ಕೈದು ದಿನದ ಮಾತ್ರೆ ಕೊಟ್ಟರಾ. ಕೇಳುವುದು ರೋಗಿಯ ಹತ್ತಿರ, ಕಿವಿ ಸೊಸೆಯ ಕಡೆಗೆ. ‘ಇಲ್ಲಪ್ಪ’ ಅಂದವರ ಫೈಲಿನಲ್ಲಿ ಎರಡು ಮೂರು ಉಲ್ಬಣ ಹೀಗೆ ಹೊರಬರುತ್ತವೆ, ಡಾಕ್ಟರು ಬರೆಯುವ ಇನ್‌ಹೇಲರೂ ಬದಲಾಗುತ್ತದೆ.

ಎರಡನೆಯದು ಹೊಗೆ. ‘ಸಿಗರೇಟ್ ಸೇದ್ತೀರಾ’ ಅಂತ ಕೇಳಿದರೆ ಗಂಡಸರು ‘ಬಿಟ್ಟಿದ್ದೇನೆ’ ಅನ್ನುತ್ತಾರೆ, ಬಿಟ್ಟದ್ದು ಆ್ಯಂಬುಲೆನ್ಸ್ ಹತ್ತಿದ ಮೇಲೆ. ಬೀಡಿ ಬೇರೆ ಸಿಗರೇಟಿನ ಲೆಕ್ಕಕ್ಕೆ ಬರುವುದಿಲ್ಲ ಎಂಬ ನಂಬಿಕೆ. ಹೆಂಗಸರ ಕತೆ ಇನ್ನೊಂದು. ಒಂದು ದಿನವೂ ಬೀಡಿ ಮುಟ್ಟದ ಎಪ್ಪತ್ತರ ಅಮ್ಮನವರಿಗೆ ಶ್ವಾಸಕೋಶದಲ್ಲಿ ಬೀಡಿಯವರಷ್ಟೇ ತಡೆ. ‘ಅಡುಗೆ ಗ್ಯಾಸಿನಲ್ಲೇ ಮಾಡುದು’ ಅಂತಾರೆ, ಸುಳ್ಳಲ್ಲ. ಆದರೆ ಸ್ನಾನದ ನೀರು? ನಮ್ಮ ಕಡೆ ಗ್ಯಾಸ್ ಬಂದದ್ದು ಅಡುಗೆಮನೆಗೆ. ಎಷ್ಟೋ ಮನೆಗಳ ಬಚ್ಚಲಿನ ಹಂಡೆಯ ಅಡಿಯಲ್ಲಿ ಈಗಲೂ ತೆಂಗಿನ ಮಡಲು, ಕೊತ್ತಳಿಗೆ, ಸಿಪ್ಪೆ. ಮಳೆಗಾಲದಲ್ಲಿ ಅವೆಲ್ಲ ಹಸಿ, ಬೆಂಕಿ ಹಿಡಿಯುವುದಿಲ್ಲ, ಊದುಕೊಳವೆಯಲ್ಲಿ ಊದುವುದು ಯಾರು? ಅದೇ ಅಮ್ಮ. ಕಿಟಕಿ ಇಲ್ಲದ ಬಚ್ಚಲು, ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಅದಕ್ಕೇ ಎಲ್ಲ ಹೆಂಗಸರ ಹತ್ತಿರ ಕೇಳುತ್ತೇನೆ: ಬಚ್ಚಲಿಗೆ ಬೆಂಕಿ ಹಾಕುದು ಯಾರು? ಗೀಸರ್ ಇಡಿಸಿ ಅಂತ ಉಪದೇಶ ಮಾಡುವುದು ಸುಲಭ, ದುಡ್ಡು ಅವರದ್ದು. ಬೆಂಕಿ ಹಾಕುವ ಕೆಲಸ ಬೇರೆಯವರಿಗೆ ದಾಟಿಸಿ ಅಂದರೆ ಹೆಚ್ಚಿನ ಮನೆಗಳಲ್ಲಿ ಒಪ್ಪುತ್ತಾರೆ.

ಇನ್ನು ಇನ್‌ಹೇಲರ್. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಇನ್‌ಹೇಲರ್ ತಂತ್ರ ವಿವರಿಸಲಾಗಿದೆ’ ಅಂತ ಒಂದು ಸಾಲು ಇರುತ್ತದೆ. ನಾನು ಆ ಸಾಲನ್ನು ನಂಬುವುದಿಲ್ಲ, ಬರೆದದ್ದು ನಾನೇ ಆದರೂ. ಮನೆಯಿಂದ ತಂದ ಡಬ್ಬಿ ತೆಗೆದು ‘ಈಗ ನನ್ನ ಎದುರು ತೆಗೊಳ್ಳಿ’ ಅನ್ನಬೇಕು. ಇನ್‌ಹೇಲರಿಗೆ ಹಾಕಿ ಪುಡಿ ಎಳೆಯಬೇಕಾದ ಕ್ಯಾಪ್ಸುಲ್ ರೋಟಾಕ್ಯಾಪನ್ನು ನೀರಿನ ಜೊತೆ ನುಂಗಿದವರನ್ನು ಕಂಡಿದ್ದೇನೆ. ಒಳಗೆ ಎಳೆಯುವ ಬದಲು ಊದಿ ಪುಡಿಯೆಲ್ಲ ಹಾರಿಸುವವರು ಧಾರಾಳ. ಕರಾವಳಿಯ ಮಳೆಗಾಲಕ್ಕೆ ಇನ್ನೂ ಒಂದು ಉಪದ್ರ ಉಂಟು: ಕ್ಯಾಪ್ಸುಲನ್ನು ಡಬ್ಬಿಯಿಂದ ತೆಗೆದು ದಿನದ ಮಾತ್ರೆಗಳ ಜೊತೆ ಸ್ಟೀಲ್ ಕರಡಿಗೆಯಲ್ಲಿ ಹಾಕಿಡುತ್ತಾರೆ. ಹಪ್ಪಳ ಮೆತ್ತಗಾಗುವ ಊರಿನಲ್ಲಿ ಜಿಲೆಟಿನ್ ಚಿಪ್ಪು ಗರಿಗರಿ ಇರುವುದುಂಟೇ? ಚಿಪ್ಪು ಮೆತ್ತಗಾಗುತ್ತದೆ, ಪುಡಿ ಗಂಟು ಕಟ್ಟುತ್ತದೆ. ಮದ್ದು ತಪ್ಪದೆ ತೆಗೆದುಕೊಂಡೂ ದಮ್ಮು ಇಳಿಯುವುದಿಲ್ಲ, ಮತ್ತೆ ‘ಈ ಮದ್ದು ನಾಟುವುದಿಲ್ಲ’ ಅಂತ ತೀರ್ಮಾನ.

ಪುಡಿಯ ಇನ್‌ಹೇಲರಿಗೆ ಜೋರಾಗಿ ಎಳೆಯುವ ಶಕ್ತಿ ಬೇಕು. ಅಷ್ಟು ಎಳೆತ ಇಲ್ಲದ ವಯಸ್ಸಾದವರಿಗೆ ಸ್ಪ್ರೇ ಮತ್ತು ಅದಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಸ್ಪೇಸರೇ ಒಳ್ಳೆಯದು: ಅಲ್ಲಾಡಿಸಿ, ಉಸಿರು ಪೂರ್ತಿ ಬಿಟ್ಟು, ಒಂದು ಸಲ ಒತ್ತಿ, ನಿಧಾನ ಎಳೆದು, ಆದಷ್ಟು ಹತ್ತು ಎಣಿಸುವವರೆಗೆ ಹಿಡಿಯುವುದು. ಸ್ಟಿರಾಯ್ಡ್ ಇದ್ದದ್ದಾದರೆ ಬಾಯಿ ಮುಕ್ಕಳಿಸಬೇಕು. ಸ್ಪೇಸರ್ ತೊಳೆದು ಹಾಗೇ ಒಣಗಲು ಬಿಡಿ, ಬೈರಾಸಿನಲ್ಲಿ ತಿಕ್ಕಿ ಒರೆಸಬೇಡಿ. ಒರೆಸಿದರೆ ಪ್ಲಾಸ್ಟಿಕ್ಕಿಗೆ ವಿದ್ಯುದಂಶ ಬಂದು ಮದ್ದು ಗೋಡೆಗೇ ಅಂಟುತ್ತದೆ.

ಆಕ್ಸಿಜನ್ ವಿಷಯದಲ್ಲಿ ಎರಡೂ ಕಡೆಯ ತಪ್ಪು ನೋಡುತ್ತೇವೆ. ಬಾರ್ಸಿಲೋನಾದ ಒಂದು ಅಧ್ಯಯನ 2001ರಲ್ಲಿ ಆಸ್ಪತ್ರೆ ಸೇರುವವರ ಅಪಾಯಗಳನ್ನು ಹುಡುಕಿದಾಗ, ಹಿಂದಿನ ವರ್ಷದ ಅಡ್ಮಿಷನ್, ಕುಗ್ಗಿದ ಶ್ವಾಸಕೋಶದ ಬಲ ಇವುಗಳ ಜೊತೆ, ಮನೆಯಲ್ಲಿ ಆಕ್ಸಿಜನ್ ಬೇಕಾದವರಿಗೆ ಅದನ್ನು ಬರೆದುಕೊಡದೇ ಇರುವುದೂ ಒಂದಾಗಿ ಸಿಕ್ಕಿತು. ಸುಮ್ಮನೆ ಕೂತಾಗಲೂ ರಕ್ತದ ಆಕ್ಸಿಜನ್ ಮಟ್ಟ ಶೇಕಡಾ 88 ಅಥವಾ ಅದಕ್ಕಿಂತ ಕೆಳಗೇ ನಿಲ್ಲುವವರಿಗೆ ದಿನಕ್ಕೆ ಕನಿಷ್ಠ 15 ಗಂಟೆ ಬೇಕು. ನಮ್ಮಲ್ಲಿ ‘ದಮ್ಮು ಬಂದಾಗ ಅರ್ಧ ಗಂಟೆ’ ಇಡುತ್ತಾರೆ, ಕರೆಂಟ್ ಬಿಲ್ಲಿನ ಹೆದರಿಕೆ ಬೇರೆ. ಇನ್ನೊಂದು ಕಡೆ, ಬೆರಳಿನ ಮೆಶಿನಿನಲ್ಲಿ 98 ಕಾಣಬೇಕು ಅಂತ ಗುಂಡಿ ತಿರುಗಿಸಿ ಐದು ಲೀಟರ್ ಇಡುವ ಮಗ. ಸಿಒಪಿಡಿಯಲ್ಲಿ ಉಲ್ಬಣಿಸಿದ ಹೊತ್ತಿಗೆ 88ರಿಂದ 92 ಸಾಕು. ಮೇಲೆ ಹೋದರೆ ಕೆಲವರಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ‘ಅಮ್ಮ ಈಗ ಆರಾಮಾಗಿ ನಿದ್ದೆ ಮಾಡ್ತಿದ್ದಾರೆ’ ಎಂಬ ಫೋನ್ ಬಂದರೆ ನಮ್ಮ ಕಿವಿ ನಿಮಿರುತ್ತದೆ. ಕರೆದು ಎಬ್ಬಿಸಿ, ಎದ್ದು ಸರಿಯಾಗಿ ಮಾತಾಡದಿದ್ದರೆ ಕೂಡಲೇ ಕರೆತನ್ನಿ ಅನ್ನುತ್ತೇವೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಸೊರಗಿದ ಮೈ ಕೆಟ್ಟ ಸೂಚನೆ. ಹೊಟ್ಟೆ ತುಂಬಿದರೆ ಉಸಿರು ಕಟ್ಟುತ್ತದೆ ಅಂತ ಕುಚ್ಚಲಕ್ಕಿ ಗಂಜಿಯ ತಿಳಿಯಲ್ಲೇ ದಿನ ತಳ್ಳುವವರಿಗೆ, ಸ್ವಲ್ಪ ಸ್ವಲ್ಪವೇ ಆರು ಸಲ ತಿನ್ನಿ, ಜೊತೆಗೆ ಮೀನೋ ಮೊಟ್ಟೆಯೋ ಹೆಸರುಕಾಳೋ ಇರಲಿ ಅನ್ನುತ್ತೇನೆ. ‘ಆರು ತಿಂಗಳ ಮಾತ್ರೆ ತಿಂದದ್ದುಂಟಾ?’ ಅಂತ ಮೆಲ್ಲ ಕೇಳುತ್ತೇನೆ, ಹಳೆಯ ಟಿಬಿ ಬಿಟ್ಟುಹೋದ ಕಲೆ ಇದ್ದರೆ ದಾರಿ ಬೇರೆ. ಕಾಲು ಊದಿದ್ದರೆ, ಮಲಗಲು ಮೂರು ದಿಂಬು ಬೇಕಾದರೆ ಹೃದಯವನ್ನೂ ನೋಡಬೇಕು. ನಡೆಯದೆ ಕೂರುವುದು ಕೂಡ ಅಪಾಯವೇ: ಕೋಪನ್‌ಹೇಗನ್‌ನಲ್ಲಿ ವಾರಕ್ಕೆ ಎರಡು ಗಂಟೆಯಷ್ಟಾದರೂ ನಡೆಯುತ್ತಿದ್ದ, ಸೈಕಲ್ ತುಳಿಯುತ್ತಿದ್ದ ಸಿಒಪಿಡಿಯವರು ಆಸ್ಪತ್ರೆ ಸೇರಿದ್ದು ಕಡಿಮೆ. ಅಂಗಳ ಪಾಚಿ ಕಟ್ಟಿದ ಮೇಲೆ ಅಜ್ಜನನ್ನು ಹೊರಗೆ ಬಿಡುವವರಿಲ್ಲ, ಹಾಗಾಗಿ ಜಗಲಿಯಲ್ಲೇ ಆಚೆ ಈಚೆ ನಡೆಸಿ ಅಂತ ಹೇಳುತ್ತೇವೆ. ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆಯನ್ನು ಮೇ ತಿಂಗಳಲ್ಲೇ ನೆನಪಿಸುವುದು ಒಳ್ಳೆಯದು.

ಡಿಸ್ಚಾರ್ಜ್ ಆದ ಮೊದಲ ವಾರದಲ್ಲಿ ಒಂದು ಫೋನ್ ಮಾಡುತ್ತೇವೆ. ಕಫದ ಬಣ್ಣ ಬದಲಾಯಿತಾ, ಆವಿ ದಿನಕ್ಕೆ ಎಷ್ಟು ಸಲ ಬೇಕಾಗುತ್ತದೆ, ಸ್ಟಿರಾಯ್ಡ್ ಮಾತ್ರೆ ಹೇಳಿದ ದಿನಕ್ಕೆ ನಿಂತಿತಾ, ಶುಗರ್ ಎಷ್ಟು. ಫೈಲಿನಲ್ಲಿ ಇರುತ್ತಿದ್ದ ನಂಬರ್ ಮಗನದ್ದು, ಮಗ ಇರುವುದು ದುಬೈಯಲ್ಲೋ ಬೆಂಗಳೂರಿನಲ್ಲೋ. ‘ನಾನು ಕೇಳಿ ಹೇಳ್ತೇನೆ ಸರ್’ ಅಂತಾನೆ, ಕೇಳುವಷ್ಟರಲ್ಲಿ ಎರಡು ದಿನ. ಈಗ ಎರಡು ನಂಬರ್ ಬರೆಸಿಕೊಳ್ಳುತ್ತೇವೆ: ಬಿಲ್ ಕಟ್ಟುವವರದ್ದು ಒಂದು, ರಾತ್ರಿ ಆ ಮನೆಯಲ್ಲಿ ಮಲಗುವವರದ್ದು ಇನ್ನೊಂದು. ಫೋನ್ ಹೋಗುವುದು ಎರಡನೆಯದಕ್ಕೆ.