ಹಾಯಿದೋಣಿಯ ವೈರಿಂಗ್: ಬ್ಯಾಟರಿಯಿಂದ ಮೋಟಾರಿನವರೆಗೆ

ಮಾರ್ಚ್ 14, ಶನಿವಾರ

ಬ್ಯಾಟರಿ ಪೆಟ್ಟಿಗೆಯಿಂದ ಮೋಟಾರಿನವರೆಗಿನ ದಪ್ಪ ಕೇಬಲ್‌ಗಳೆಲ್ಲ ಇವತ್ತು ಕೂತವು. ದೋಣಿ 7 ಮೀಟರಿನದು, ಮೋಟಾರ್ 3 ಕಿಲೋವ್ಯಾಟ್. ಬ್ಯಾಟರಿಯಲ್ಲಿ 16 ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು ಒಂದೇ ಸರಣಿಯಲ್ಲಿವೆ. ಸೆಲ್ಲಿಗೆ 3.2 ವೋಲ್ಟ್‌ನಂತೆ ಒಟ್ಟು 51.2 ವೋಲ್ಟ್, 100 ಆಂಪಿಯರ್-ಅವರ್. ಅಂದರೆ ಸುಮಾರು 5 ಯೂನಿಟ್ ವಿದ್ಯುತ್, ಅದರಲ್ಲಿ ಬಳಸುವುದು 4. ಪೂರ್ತಿ ವೇಗದಲ್ಲಿ ಒಂದು ಗಂಟೆ 20 ನಿಮಿಷಕ್ಕೆ ಮುಗಿಯುತ್ತದೆ. 1 ಕಿಲೋವ್ಯಾಟ್‌ಗೆ ಇಳಿಸಿದರೆ ನಾಲ್ಕು ಗಂಟೆ ಬರುತ್ತದೆ, ವೇಗ ಮಾತ್ರ ಮೂರನೇ ಒಂದಕ್ಕೆ ಬೀಳುವುದಿಲ್ಲ. ನೀರಿನಲ್ಲಿ ಕೊನೆಯ ಒಂದೆರಡು ನಾಟ್ ವೇಗವೇ ತುಂಬಾ ದುಬಾರಿ.

12 ವೋಲ್ಟಿನಲ್ಲೇ ಯಾಕೆ ಮಾಡಬಾರದು ಎಂದು ಕೇಳುವವರಿಗೆ ಒಂದು ಲೆಕ್ಕ. 3 ಕಿಲೋವ್ಯಾಟ್‌ಗೆ 12 ವೋಲ್ಟಿನಲ್ಲಿ 250 ಆಂಪಿಯರ್ ಹರಿಯಬೇಕು, ಈ ಬ್ಯಾಟರಿಯಂಥ 48 ವೋಲ್ಟ್ ವರ್ಗದಲ್ಲಿ 62 ಸಾಕು. ಹೋಗಿಬರುವ ದಾರಿ ಒಟ್ಟು 10 ಮೀಟರ್, ಕೇಬಲ್ 35 ಚದರ ಮಿಲಿಮೀಟರ್. ಅದರ ರೋಧ ಸುಮಾರು 5.5 ಮಿಲಿಓಮ್. 250 ಆಂಪಿಯರ್‌ಗೆ 340 ವ್ಯಾಟ್ ಬರೀ ತಂತಿ ಕಾಯಿಸಲು ಹೋಗುತ್ತದೆ. 62ಕ್ಕೆ 21 ವ್ಯಾಟ್ ಮಾತ್ರ.

ಕೇಬಲ್ ತವರ ಲೇಪಿಸಿದ, ಸಣ್ಣ ಎಳೆಗಳ ತಾಮ್ರದ್ದೇ ಆಗಿರಲಿ. ಲೇಪವಿಲ್ಲದ ತಾಮ್ರಕ್ಕೆ ಉಪ್ಪುನೀರಿನ ತೇವ ತಗುಲಿದರೆ ಹೊದಿಕೆಯ ಒಳಗೊಳಗೇ ಕಪ್ಪಾಗುತ್ತಾ ಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಲಗ್‌ಗಳನ್ನು (ಕೇಬಲ್ ತುದಿಗೆ ಹಾಕಿ ಬೋಲ್ಟಿಗೆ ಕೂರಿಸುವ ಲೋಹದ ಕಿವಿ) ಹೈಡ್ರಾಲಿಕ್ ಕ್ರಿಂಪರ್‌ನಲ್ಲೇ ಒತ್ತಬೇಕು, ಸುತ್ತಿಗೆಯಲ್ಲಿ ಹೊಡೆದು ಕೂರಿಸಬಾರದು. ಒತ್ತಿದ ಮೊದಲ ಲಗ್ಗನ್ನು ಗರಗಸದಲ್ಲಿ ಅಡ್ಡ ಕೊಯ್ದು ನೋಡುವುದು ಒಳ್ಳೆಯ ಪದ್ಧತಿ: ಎಳೆಗಳ ನಡುವೆ ಸಂದಿ ಕಂಡರೆ ಕ್ರಿಂಪರಿನ ಅಚ್ಚಿನ (ಡೈ) ಅಳತೆ ತಪ್ಪಿದೆ ಎಂದೇ ಅರ್ಥ. ಒತ್ತಿದ ಮೇಲೆ ಒಳಗೆ ಅಂಟು ಸವರಿದ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಬೇಕು. ಧನ ಮತ್ತು ಋಣ ಕೇಬಲ್‌ಗಳನ್ನು ಜೊತೆಯಾಗಿಯೇ ಎಳೆದು ಕಟ್ಟಿದ್ದಕ್ಕೆ ಕಾರಣವಿದೆ. ಎರಡೂ ದೂರ ದೂರ ಹೋದರೆ ಅವುಗಳ ಕಾಂತಕ್ಷೇತ್ರ ದಿಕ್ಸೂಚಿಯ ಮುಳ್ಳನ್ನೇ ತಿರುಗಿಸುತ್ತದೆ.

ಫ್ಯೂಸ್ ವಿಷಯದಲ್ಲಿ ರಾಜಿ ಬೇಡ. ಈ ಜಾತಿಯ ಸೆಲ್‌ಗಳು ಶಾರ್ಟ್ ಆದಾಗ ಸಾವಿರಾರು ಆಂಪಿಯರ್ ಕೊಡುತ್ತವೆ. ಕಾರಿನ ಸ್ಟೀರಿಯೋಗೆ ಹಾಕುವ ಎಎನ್‌ಎಲ್ ಫ್ಯೂಸ್‌ಗಳು ಸಾಮಾನ್ಯವಾಗಿ 32 ವೋಲ್ಟಿನವರೆಗೆ ಮಾತ್ರ. 51 ವೋಲ್ಟಿನಲ್ಲಿ ಒಳಗಿನ ಪಟ್ಟಿ ಕರಗಿದರೂ ಕಿಡಿ ಆರದೆ ಉರಿಯುತ್ತಲೇ ಇರಬಹುದು. ಕ್ಲಾಸ್ ಟಿ ಫ್ಯೂಸ್ 20,000 ಆಂಪಿಯರ್‌ವರೆಗಿನ ಹರಿವನ್ನೂ ಕಡಿದುಹಾಕುತ್ತದೆ. 125 ಆಂಪಿಯರಿನದನ್ನು ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ ಕೂರಿಸಿದ್ದಾಯಿತು. ಮುಖ್ಯ ಸ್ವಿಚ್ಚಿನ ಮೇಲೂ ಡಿಸಿ ವೋಲ್ಟೇಜ್ ಎಷ್ಟು ಎಂದು ಓದಿಯೇ ಕೊಳ್ಳಬೇಕು. ಎಸಿ ಅಂಕಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹೆಚ್ಚಿನವರು ಬಿಟ್ಟುಬಿಡುವುದು ಪ್ರೀಚಾರ್ಜ್, ಅಂದರೆ ಮುಖ್ಯ ಜೋಡಣೆಗೆ ಮೊದಲು ಕೆಪಾಸಿಟರ್‌ಗಳನ್ನು ನಿಧಾನವಾಗಿ ತುಂಬುವುದು. ಮೋಟಾರಿನ ವೇಗ ನಿಯಂತ್ರಿಸುವ ಕಂಟ್ರೋಲರ್ ಒಳಗೆ ದೊಡ್ಡ ಕೆಪಾಸಿಟರ್‌ಗಳಿರುತ್ತವೆ. ಖಾಲಿ ಇರುವಾಗ ಅವು ಕ್ಷಣಮಾತ್ರ ಶಾರ್ಟ್ ಸರ್ಕ್ಯೂಟ್‌ನಂತೆಯೇ ವರ್ತಿಸುತ್ತವೆ. ನೇರ ಜೋಡಿಸಿದರೆ ಕಾಂಟ್ಯಾಕ್ಟರ್ (ವಿದ್ಯುತ್ತಿನಿಂದಲೇ ಕೂಡಿಸಿ ಬಿಡಿಸುವ ದೊಡ್ಡ ಸ್ವಿಚ್) ತುದಿಗಳು ಬೆಸೆದು ಹೋಗುತ್ತವೆ, ಇಲ್ಲವೇ ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್ ಆದ ಬಿಎಂಎಸ್, ಶಾರ್ಟ್ ಆಗಿದೆ ಎಂದು ತಿಳಿದು ಬ್ಯಾಟರಿಯನ್ನೇ ಕಡಿದುಬಿಡುತ್ತದೆ. ಕಾಂಟ್ಯಾಕ್ಟರಿನ ಎರಡೂ ತುದಿಗೆ ಅಡ್ಡಲಾಗಿ 100 ಓಮ್, 25 ವ್ಯಾಟಿನ ರೆಸಿಸ್ಟರ್, ಅದಕ್ಕೊಂದು ಪುಶ್ ಬಟನ್. ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿದು, ಕಂಟ್ರೋಲರ್ ತುದಿಯಲ್ಲಿ 48 ವೋಲ್ಟ್ ದಾಟಿದ ಮೇಲೆ ಕಾಂಟ್ಯಾಕ್ಟರ್ ಕೂಡಿಸಬೇಕು. ವೋಲ್ಟೇಜ್ ಏರದಿದ್ದರೆ ಅಲ್ಲೇ ನಿಲ್ಲಿಸಿ. ಮುಂದೆ ಎಲ್ಲೋ ಶಾರ್ಟ್ ಇದೆ.

ಹಾಯಿ ಬಿಚ್ಚಿ ಸಾಗುವಾಗ ಪ್ರೊಪೆಲ್ಲರ್ ತಾನೇ ತಿರುಗಿ ಬ್ಯಾಟರಿಗೆ ಚಾರ್ಜ್ ಕೊಡುತ್ತದೆ. ಆದರೆ ಬ್ಯಾಟರಿ ತುಂಬಿರುವಾಗ ಇದೇ ಅಪಾಯ: ಬಿಎಂಎಸ್ ಕಡಿದುಕೊಳ್ಳುತ್ತದೆ, ವಿದ್ಯುತ್ತಿಗೆ ಹೋಗಲು ಜಾಗವಿಲ್ಲದೆ ಕಂಟ್ರೋಲರಿನಲ್ಲಿ ವೋಲ್ಟೇಜ್ ಚಿಮ್ಮುತ್ತದೆ. ಅದಕ್ಕೇ ಕಂಟ್ರೋಲರಿನ ಮರುಚಾರ್ಜ್ ಮಿತಿಯನ್ನು 55 ವೋಲ್ಟಿಗೆ ಕಟ್ಟಿಹಾಕಿದೆ.

ದೀಪ ಮತ್ತು ರೇಡಿಯೋಗೆ ಬೇರೆಯೇ 12 ವೋಲ್ಟ್ ಬ್ಯಾಟರಿ. ಅದನ್ನು ತುಂಬುವ ಡಿಸಿ-ಡಿಸಿ ಕನ್ವರ್ಟರ್ ಐಸೊಲೇಟೆಡ್ ಬಗೆಯದು, ಅಂದರೆ ಅದರ ಎರಡು ಬದಿಗಳ ನಡುವೆ ನೇರ ತಂತಿ ಸಂಪರ್ಕವಿಲ್ಲ. ಎರಡು ವ್ಯವಸ್ಥೆಗಳ ಋಣ ತುದಿಗಳು ಎಲ್ಲೂ ಸೇರಬಾರದು. ಸೇರಿದರೆ, ದಾರಿ ತಪ್ಪಿದ ವಿದ್ಯುತ್ತು ಶಾಫ್ಟ್ ಮತ್ತು ಪ್ರೊಪೆಲ್ಲರನ್ನು ತಿನ್ನಬಹುದು. ಮೋಟಾರ್ ಸತ್ತರೂ ರೇಡಿಯೋ ಬದುಕಿರಬೇಕು ಎನ್ನುವುದು ಇನ್ನೂ ದೊಡ್ಡ ಕಾರಣ.

ಸೆಲ್‌ಗಳ ಕೊಂಡಿ ಹಾಕುವಾಗ ಉಂಗುರ, ಗಡಿಯಾರ ತೆಗೆದಿಡಬೇಕು, ಸ್ಪ್ಯಾನರಿಗೆ ಟೇಪ್ ಸುತ್ತಬೇಕು. ನಡುವಿನ ಒಂದು ಕೊಂಡಿಯನ್ನು ಕೊನೆಯವರೆಗೂ ಹಾಕದೆ ಬಿಟ್ಟರೆ ಅಲ್ಲಿಯವರೆಗೆ ಪೂರ್ತಿ 51 ವೋಲ್ಟ್ ಎಲ್ಲೂ ಇರುವುದಿಲ್ಲ. ಪೆಟ್ಟಿಗೆಗೆ ಎರಡು ಪಟ್ಟಿ ಬಿಗಿದಿದೆ. ದೋಣಿ ಮಗ್ಗುಲಾದರೂ 40 ಕಿಲೋ ತೂಕ ಕದಲಬಾರದು.

ಸಂಜೆ ದೋಣಿಯನ್ನು ಕಟ್ಟೆಗೆ ನಾಲ್ಕು ಹಗ್ಗದಲ್ಲಿ ಬಿಗಿದು 60 ಆಂಪಿಯರಿನಲ್ಲಿ 20 ನಿಮಿಷ ಓಡಿಸಿ ಪರೀಕ್ಷೆ. ಮಲ್ಟಿಮೀಟರನ್ನು ಮಿಲಿವೋಲ್ಟಿಗೆ ಇಟ್ಟು, ಒಂದು ಕಡ್ಡಿ ಲಗ್ಗಿನ ಮೇಲೆ, ಇನ್ನೊಂದು ಬೋಲ್ಟಿನ ಬುಡದ ತಟ್ಟೆಯ ಮೇಲೆ. ಹೀಗೆ ಒಂದೊಂದು ಜೋಡಣೆಯನ್ನೂ ಅಳೆಯಬೇಕು. ಬಹುತೇಕ ಕಡೆ 3–5 ಮಿಲಿವೋಲ್ಟ್. ಕಂಟ್ರೋಲರಿನ ಋಣ ತುದಿಯಲ್ಲಿ ಮಾತ್ರ 50. ಅಂದರೆ ಅಷ್ಟು ಸಣ್ಣ ಜಾಗದಲ್ಲಿ 3 ವ್ಯಾಟ್ ಬಿಸಿ, ಮುಟ್ಟಿದರೆ ಗೊತ್ತಾಗುವಷ್ಟು. ಎಲ್ಲ ಆರಿಸಿ ಬಿಚ್ಚಿದಾಗ ಕಾರಣ ಸಿಕ್ಕಿತು: ಲಗ್ಗಿಗೂ ತಟ್ಟೆಗೂ ನಡುವೆ ಸ್ಟೀಲ್ ವಾಷರ್. ವಾಷರಿನ ಜಾಗ ನಟ್ಟಿನ ಕೆಳಗೆ, ಲಗ್ಗಿನ ಮೇಲೆ. ತಾಮ್ರಕ್ಕೆ ತಾಮ್ರವೇ ತಾಗಬೇಕು. ಮೇಲಕ್ಕೆ ಹಾಕಿ, ತಯಾರಕರು ಹೇಳಿದ ಟಾರ್ಕಿಗೆ ಬಿಗಿದು ಮತ್ತೆ ಓಡಿಸಿದಾಗ 4 ಮಿಲಿವೋಲ್ಟ್. ಒಂದು ವಾರದ ನಂತರ ಎಲ್ಲ ನಟ್ಟುಗಳಿಗೂ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಬೇಕು.