ಮೂರನೇ ನಿಮಿಷಕ್ಕೆ ಬರುವ ‘ರೀ’

ಪಂಪ್‌ಸೆಟ್ ಕಂಪನಿಯೊಂದರ ಕನ್ನಡ ಸಹಾಯವಾಣಿಯಲ್ಲಿ ನನ್ನ ಕೆಲಸ. ಫೋನ್ ಎತ್ತುವವರು ಬೇರೆ. ಅವರ ಕಾಲ್ ರೆಕಾರ್ಡಿಂಗ್ ಕೇಳಿ ಮಾರ್ಕ್ಸ್ ಹಾಕುವುದು ನಾನು.

ದಿನವಿಡೀ ಕೇಳುತ್ತಿದ್ದರೆ ಒಂದು ವಿಷಯ ಗೊತ್ತಾಗುತ್ತದೆ. ಮಾತಿನ ರಾಗ ಕಾಲ್ ಮಧ್ಯದಲ್ಲೇ ಬದಲಾಗುತ್ತದೆ. ನಮ್ಮಲ್ಲಿ ಮಂಡ್ಯದ ಹುಡುಗಿಯೊಬ್ಬಳಿದ್ದಾಳೆ. ಗದಗ ಕಡೆಯ ರೈತರೊಬ್ಬರು “ಮೋಟರ್ ಚಾಲೂ ಆಗವಲ್ದ್ರಿ” ಅಂತ ಶುರು ಮಾಡಿದರು. ಇವಳು “ಸ್ಟಾರ್ಟರ್‌ನಲ್ಲಿ ಲೈಟ್ ಬರ್ತಿದೆಯಾ ಸರ್?” ಅಂದಳು. ಮೂರನೇ ನಿಮಿಷಕ್ಕೆ ನೋಡಿದರೆ “ಹೌದ್ರೀ, ಮೂರೂ ಫೇಸ್ ಬರ್ತಿದೆಯಾ ನೋಡ್ರೀ” ಅನ್ನುತ್ತಿದ್ದಾಳೆ! ರೆಕಾರ್ಡಿಂಗ್ ಕೇಳಿಸಿದಾಗ “ಅಯ್ಯೋ, ಇದು ನಾನಾ?” ಅಂತ ನಕ್ಕಳು. ಉತ್ತರ ಕರ್ನಾಟಕದ ಕಡೆ ಕಾಲಿಟ್ಟವಳೇ ಅಲ್ಲ.

ಮೊದಲು ಬರುವುದು ಈ ‘ರೀ’. ಆಮೇಲೆ ವಾಕ್ಯದ ಕೊನೆ ಎಳೆಯುವುದು, ಮಾತಿನ ವೇಗ. ‘ಮನೆ’ ಹೋಗಿ ‘ಮನಿ’ ಆಗುವಷ್ಟು ದೂರ ಯಾರೂ ಹೋಗುವುದಿಲ್ಲ.

ಹೊವರ್ಡ್ ಜೈಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಎದುರಿನವರು ಹತ್ತಿರದವರು ಅನ್ನಿಸಿದರೆ ಮಾತೂ ಅವರ ಕಡೆ ಸರಿಯುತ್ತದೆ, ದೂರ ಇಡಬೇಕು ಅನ್ನಿಸಿದರೆ ಉಲ್ಟಾ ಹೋಗುತ್ತದೆ. ಜೊತೆಗಿದ್ದರೂ ಸಾಕು. ಅಂಟಾರ್ಕ್ಟಿಕಾದ ರೊಥೆರಾ ಕೇಂದ್ರದಲ್ಲಿ ಚಳಿಗಾಲ ಕಳೆದ 11 ಜನರ ಮಾತನ್ನು ಬೇರೆ ಸಂಶೋಧಕರು ರೆಕಾರ್ಡ್ ಮಾಡಿ ನೋಡಿದ್ದರು. ಕೆಲವೇ ತಿಂಗಳಲ್ಲಿ ಅವರ ಕೆಲವು ಸ್ವರಾಕ್ಷರಗಳ ಉಚ್ಚಾರ ಸ್ವಲ್ಪ ಸ್ವಲ್ಪವೇ ಬದಲಾಗಿತ್ತು ಅಂತ 2019ರಲ್ಲಿ ವರದಿಯಾಯಿತು.

ನನ್ನ ಕೆಲಸಕ್ಕೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಉಲ್ಟಾ ಹೋಗುವ ಭಾಗ. ಸಿಟ್ಟು ಬಂದ ನಮ್ಮ ಹುಡುಗರು ಜಗಳ ಆಡುವುದಿಲ್ಲ, ಪುಸ್ತಕದ ಕನ್ನಡಕ್ಕೆ ಏರುತ್ತಾರೆ. “ತಾವು ದಯವಿಟ್ಟು ನಿರೀಕ್ಷಿಸಬೇಕಾಗುತ್ತದೆ” ಅಂತ ಬಂತೋ, ಅಲ್ಲಿಗೆ ಮಾತು ಕೆಟ್ಟಿತು ಅಂತಲೇ ಅರ್ಥ. ಪಾಪ, ಒಂದು ಬೈಗುಳವೂ ಇರುವುದಿಲ್ಲ, ಆದರೂ ರೈತರಿಗೆ ಗೊತ್ತಾಗಿಬಿಡುತ್ತದೆ. ಹಿಂದೆ ನಮ್ಮ ಮಾರ್ಕ್ಸ್ ಶೀಟಿನಲ್ಲಿ ಈ ಪುಸ್ತಕದ ಕನ್ನಡಕ್ಕೆ ಪೂರ್ತಿ ಅಂಕ, ‘ನೋಡ್ರೀ’ಗೆ ಕಡಿತ. ಈಗ ಆ ಕಾಲಂ ತೆಗೆಸಿದ್ದೇನೆ. ಕಂಪ್ಲೇಂಟ್ ನಂಬರ್, ಮೋಟರಿನ ಎಚ್‌ಪಿ ಮಾತ್ರ ನಿಧಾನವಾಗಿ, ಸ್ಪಷ್ಟವಾಗಿ ಹೇಳಬೇಕು. ಐದಾ, ಏಳೂವರೆಯಾ ಅನ್ನುವಲ್ಲಿ ರಾಗ ಅಡ್ಡ ಬರಬಾರದು ಅಲ್ವಾ?

ಹಾಗಂತ ಬೇಕಂತಲೇ ಧಾರವಾಡ ಕನ್ನಡ ಆಡಿ ಅಂತ ಟ್ರೈನಿಂಗ್ ಕೊಡುವುದಕ್ಕೆ ನಾನು ಒಪ್ಪಲಿಲ್ಲ. ಹೊಸ ಹುಡುಗನೊಬ್ಬ ಸುಮ್ನೆ ಉತ್ಸಾಹಕ್ಕೆ ಹಾಗೆ ಮಾಡಿದ್ದ. ಆ ಕಡೆಯಿಂದ “ಚ್ಯಾಷ್ಟಿ ಮಾಡಾಕತ್ತೀರೇನ್ರಿ?” ಅಂತ ಬಂತು. ತಾನಾಗಿ ಬಂದ ‘ರೀ’ ಒಬ್ಬರಿಗೂ ಕೆಟ್ಟದಾಗಿ ಕೇಳಿಸಿಲ್ಲ.

ನನ್ನ ಈ ಲೆಕ್ಕ ಕೈ ಕೊಡುವುದು ಮಂಗಳೂರು ಕಡೆಯ ಕಾಲ್‌ಗಳಲ್ಲಿ. ಪುತ್ತೂರಿನ ಅಡಿಕೆ ತೋಟದವರು “ಮೋಟರಿಗೆ ಎಂತದೋ ಆಗಿದೆ, ನಾನು ನಾಳೆ ಫೋನ್ ಮಾಡ್ತೇನೆ” ಅನ್ನುತ್ತಾರೆ. ಅವರು ಆಡುವ ಕನ್ನಡವೇ ಪುಸ್ತಕಕ್ಕೆ ಹತ್ತಿರ. ನಮ್ಮ ಹುಡುಗನೂ “ನಾನೇ ಮಾಡ್ತೇನೆ” ಅಂದರೆ ಅದು ಸ್ನೇಹವೋ ಸಿಟ್ಟೋ ಅಂತ ಇವತ್ತಿಗೂ ಎರಡು ಸಲ ಕೇಳಿ ಮಾರ್ಕ್ಸ್ ಹಾಕುತ್ತೇನೆ.