ಹೆಳವರು ಬಂದಾಗ ಕೇಳಿಡಿ

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹಿಂದೆ ಎತ್ತಿನ ಮೇಲೆ ಬರುತ್ತಿದ್ದ ಹೆಳವರು ಮನೆತನದ ತಲೆಮಾರುಗಳನ್ನು ಸರಾಗ ಹೇಳಿಬಿಡುತ್ತಾರೆ. ಅವರ ಹೊತ್ತಿಗೆಯಲ್ಲಿ ನಿಮ್ಮ ಮನೆತನ ಸಿಗಬೇಕಾದರೆ ಅಡ್ಡಹೆಸರೊಂದೇ ಸಾಲದು. ಬೆಡಗು (ಕುಲದೊಳಗಿನ ಬಳಿ), ಮನೆದೇವರು, ಮೂಲ ಊರು ಮೂರನ್ನೂ ಮೊದಲೇ ಹಿರಿಯರಿಂದ ಕೇಳಿಟ್ಟುಕೊಳ್ಳಿ. ಹೆಳವರು ಹೇಳುವಾಗ ರೆಕಾರ್ಡ್ ಮಾಡಿ, ಹೊತ್ತಿಗೆಯ ಹಾಳೆಯ ನಾಲ್ಕೂ ಮೂಲೆ ಕಾಣುವಂತೆ ಫೋಟೊ ತೆಗೆಯಿರಿ. ಅಂಚಿನಲ್ಲಿ ಗೀಚಿದ ಊರ ಹೆಸರೇ ಮುಂದೆ ದಾರಿ ತೋರಿಸುವುದುಂಟು. ಕಾಳು, ಕಾಣಿಕೆ ಕೊಡುವುದು ಮರೆಯಬೇಡಿ, ಅದು ಅವರ ಹಕ್ಕು.

ಎಡವುವುದು ಹೆಸರಿನಲ್ಲಿ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ರೂಢಿಯಿಂದ ಬಸಪ್ಪ, ಮಲ್ಲಪ್ಪ, ಮತ್ತೆ ಬಸಪ್ಪ. ಇಬ್ಬರು ಬಸಪ್ಪರನ್ನು ಒಬ್ಬನೆಂದು ಎಣಿಸಿದರೆ ಎರಡು ತಲೆಮಾರು, ಅಂದರೆ ಸುಮಾರು 50 ವರ್ಷ ಮಾಯ! ಇದನ್ನು ಬಿಡಿಸಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಜಮೀನಿನ ಸರ್ವೆ ನಂಬರ್ ಕೊಟ್ಟು ಹಳೆಯ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆ) ನಕಲು ತೆಗೆಸಿ. ವಾರಸಾ ನಮೂದಿನಲ್ಲಿ ಯಾರು ತೀರಿಕೊಂಡರು, ವಾರಸುದಾರರು ಯಾರು ಎಂಬುದು ತಾರೀಖಿನ ಸಮೇತ ಇರುತ್ತದೆ. ನಂಬರ್ ಪೋಡಿಯಾಗಿ, ಅಂದರೆ ಜಮೀನು ಭಾಗವಾಗಿ ಬೇರೆ ನಂಬರ್ ಬಿದ್ದಿದ್ದರೆ, ಹಿಂದಿನ ಮೂಲ ನಂಬರ್ ಹಿಡಿದು ಹೋಗಬೇಕು.

ಹೆಣ್ಣುಮಕ್ಕಳ ಹೆಸರು ಮಾತ್ರ ಹೆಳವರ ಹೊತ್ತಿಗೆ, ಜಮೀನಿನ ದಾಖಲೆ ಎರಡರಲ್ಲೂ ಅಪರೂಪ. ವಂಶವೃಕ್ಷ ಎನ್ನುತ್ತೇವೆ, ಅರ್ಧ ಕೊಂಬೆ ಬರೆದೇ ಇಲ್ಲ. ಅವರನ್ನು ಮದುವೆಯ ಆಮಂತ್ರಣ, ತವರಿನ ಸೋದರಮಾವಂದಿರ ನೆನಪಿನಲ್ಲಿ ಹುಡುಕಬೇಕು. ಅದನ್ನು ಈ ವರ್ಷವೇ ಮಾಡಿ. ಪೇಶ್ವೆ ಕಾಲದ ಕಾಗದ ಸಿಕ್ಕರೆ ಮೋಡಿ ಲಿಪಿ (ಮರಾಠಿಯ ಹಳೆಯ ಕೂಡುಬರಹ) ಓದುವವರು ಬೇಕಾಗುತ್ತಾರೆ.